ಮೇಷ್ಟ್ರ ನಷ್ಟ, ಹೆಂಡತಿಯ ಮಂಡಿ

ಮಾರ್ಚ್ ಬಂತೆಂದರೆ ಚಾಮರಾಜಪೇಟೆಯ ನನ್ನ ಕಚೇರಿಗೆ ವಿದ್ಯಾವಂತರು ಬರಲು ಶುರು ಮಾಡುತ್ತಾರೆ. ಅಲ್ಲಿಂದ ಒಂದು ತಿಂಗಳು ನನಗೆ ವಿದ್ಯೆಯ ಮೇಲೆ ನಂಬಿಕೆ ಇರುವುದಿಲ್ಲ.

ನಾನು ಬೇರೆಯವರ ತೆರಿಗೆ ಲೆಕ್ಕ ನೋಡುವವನು. ನಿಯಮ ಸರಳವಾಗಿದೆ. ಷೇರು ಮಾರಿ ಲಾಭ ಬಂದರೆ ತೆರಿಗೆ ಕಟ್ಟಬೇಕು. ಅದೇ ವರ್ಷ ನಷ್ಟದ ಷೇರನ್ನೂ ಮಾರಿದರೆ ಲಾಭದಲ್ಲಿ ನಷ್ಟ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ. ಮಾರ್ಚ್ ಮುಗಿಯುವುದರೊಳಗೆ ಮಾರಬೇಕು, ಅಷ್ಟೇ. ಮಾಡಿದ ದಡ್ಡತನಕ್ಕೆ ಸರ್ಕಾರವೇ ಕೊಡುವ ರಿಯಾಯಿತಿ ಇದು. ದಡ್ಡತನಕ್ಕೆ ನಮ್ಮ ಕಡೆ ಎಂದೂ ಕೊರತೆಯಾಗಿಲ್ಲ. ರಿಯಾಯಿತಿ ತೆಗೆದುಕೊಳ್ಳುವವರು ಮಾತ್ರ ಸಿಗುವುದಿಲ್ಲ. ಕಳೆದ ಮಾರ್ಚಿನಲ್ಲಿ ಒಬ್ಬರೇ ಒಬ್ಬ ಮೇಷ್ಟ್ರು ನನ್ನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು.

೧. ಎಡ ಮಂಡಿ, ಬಲ ಮಂಡಿ

ಗವಿಪುರದಿಂದ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರೊಬ್ಬರು ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆ ಕೋಲೂರಿಕೊಂಡು ನಮ್ಮ ಮಹಡಿ ಹತ್ತಲು ಹತ್ತು ನಿಮಿಷ ಹಿಡಿಯಿತು. ಮೇಷ್ಟ್ರು ತಮ್ಮ ಹಳೆಯ ಒಳ್ಳೆಯ ಷೇರುಗಳಲ್ಲಿ ಒಂದಷ್ಟನ್ನು ಮಾರಿ ಆಕೆಯ ಎಡ ಮಂಡಿ ಬದಲಾಯಿಸಿದ್ದರು. ಉಳಿದ ದುಡ್ಡನ್ನು ಬಲ ಮಂಡಿಗೆಂದು ಎತ್ತಿಟ್ಟಿದ್ದರು.

ಲೆಕ್ಕ ಹಾಕಿದೆ. ತೆರಿಗೆ ಎಪ್ಪತ್ತೆಂಟು ಸಾವಿರ.

“ಹಾಗಾದ್ರೆ ಬಲ ಮಂಡಿಗೆ ಸಾಲಲ್ಲ,” ಅಂದರು ಮೇಷ್ಟ್ರು.

“ನಷ್ಟದಲ್ಲಿರೋ ಷೇರು ಏನಾದ್ರೂ ಇದೆಯಾ ಮೇಷ್ಟ್ರೇ?”

ಮೇಷ್ಟ್ರು ಫ್ಯಾನು ನೋಡಿದರು. ಉತ್ತರ ಹೆಂಡತಿ ಕೊಟ್ಟರು. “ಇಲ್ದೆ ಏನು? ಪಂಪ್ ಕಂಪನೀದು, ಮೂರು ಸಾವಿರ ಷೇರು. ಇನ್ನೂರ ನಲವತ್ತಕ್ಕೆ ತಗೊಂಡ್ರು. ಈಗ ನಲವತ್ತು.”

ಆರು ಲಕ್ಷ ನಷ್ಟ. ಮಾರಿದರೆ ತೆರಿಗೆ ಪೂರ್ತಿ ಸೊನ್ನೆ. ಅಳತೆ ಕೊಟ್ಟು ಹೊಲಿಸಿದ ಹಾಗಿದ್ದ ನಷ್ಟವನ್ನು ನಾನು ಆವತ್ತೇ ಮೊದಲು ನೋಡಿದ್ದು.

“ನಾಳೇನೇ ಮಾರಿಬಿಡಿ.”

“ಮಾರೋ ತನಕ ಅದು ನಷ್ಟ ಅಲ್ಲ ಆಡಿಟ್ರೇ,” ಅಂದರು ಮೇಷ್ಟ್ರು, ತರಗತಿಯ ದನಿಯಲ್ಲಿ. “ಅದು ಬರೀ ಒಂದು ಸ್ಥಿತಿ.”

“ಹಾಗಾದ್ರೆ ಮೆಟ್ಲು ಇಳಿಯೋ ತನಕ ನಂದೂ ನೋವಲ್ಲ, ಬರೀ ಸ್ಥಿತಿ,” ಅಂದ ಹೆಂಡತಿ ಕೋಲು ಎತ್ತಿಕೊಂಡರು. “ನಡೀರಿ, ಇಳ್ಯೋಣ.”

೨. ಬೆಂಚಿನ ಒಪ್ಪಂದ

ಮಾರದಿರಲು ನಿಜವಾದ ಕಾರಣ ಭೌತಶಾಸ್ತ್ರವಲ್ಲ, ಬ್ಯೂಗಲ್ ರಾಕ್ ಪಾರ್ಕು ಎಂದು ಆಮೇಲೆ ತಿಳಿಯಿತು. ಅಲ್ಲಿ ಮೇಷ್ಟ್ರದೊಂದು ವಾಕಿಂಗ್ ಗುಂಪು. ಏಳು ಜನ. ನಡೆಯುವುದು ಹದಿನೈದು ನಿಮಿಷ, ಬೆಂಚಿನ ಮೇಲೆ ಕೂರುವುದು ಒಂದೂವರೆ ಗಂಟೆ. ಅದರಲ್ಲೊಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಹೇಳಿದರೆಂದು ಎಲ್ಲರೂ ಪಂಪ್ ಕಂಪನಿಯ ಷೇರು ಕೊಂಡಿದ್ದರು. ಅದು ಬಿದ್ದಾಗ ಒಬ್ಬೊಬ್ಬರೇ ಕದ್ದು ಮಾರಬಾರದು, ಇದ್ದರೆ ಎಲ್ಲರೂ ಇರಬೇಕು ಎಂದು ಬೆಂಚಿನ ಮೇಲೆ ಮಾತಾಗಿತ್ತು. ಮಾರಿದವನಿಗೆ ಬೆಂಚಿನಲ್ಲಿ ಜಾಗವಿಲ್ಲ.

ಒಂದು ಬೆಳಗ್ಗೆ ನಾನೇ ಹೋದೆ. ಮಂಡಿಯ ವಿಷಯ ಹೇಳಿದೆ. ತೆರಿಗೆಯ ವಿಷಯ ಹೇಳಿದೆ. ಬೆಂಚು ಗಂಭೀರವಾಯಿತು.

“ಮಂಡಿ ವಿಷಯ ಅಂದ್ಮೇಲೆ ಬಿಟ್ಟುಕೊಡ್ಬೇಕಾಗುತ್ತೆ,” ಅಂದರು ಒಬ್ಬರು.

“ಇವತ್ತು ಮಂಡಿ ಅಂತೀರಿ, ನಾಳೆ ಇನ್ನೊಬ್ರು ಹಲ್ಲು ಅಂತಾರೆ,” ಅಂದರು ಇನ್ನೊಬ್ಬರು.

ಮೂರು ಜನ ಮಾರಬಹುದು ಎಂದರು, ಮೂರು ಜನ ಕೂಡದು ಎಂದರು. ಕೂಡದು ಅಂದವರಲ್ಲಿ ಮೇಷ್ಟ್ರೂ ಒಬ್ಬರು. ಎಲ್ಲರೂ ಮ್ಯಾನೇಜರ್ ಮುಖ ನೋಡಿದರು.

“ನನ್ನನ್ನ ಯಾಕೆ ಕೇಳ್ತೀರಿ? ನನ್ನ ಹತ್ರ ಆ ಷೇರೇ ಇಲ್ವಲ್ಲ.”

ಮೇಷ್ಟ್ರು ಮೆಲ್ಲಗೆ ಕೇಳಿದರು, “ಯಾವಾಗ ಮಾರಿದ್ರಿ?”

“ನಿಮ್ಗೆಲ್ಲ ಹೇಳಿದ್ನಲ್ಲ, ಅದೇ ವಾರ. ಆರು ಜನ ಒಟ್ಟಿಗೆ ಕೊಂಡ್ಕೊಂಡ್ರಿ ನೋಡಿ, ಒಳ್ಳೆ ರೇಟು ಸಿಕ್ತು.”

೩. ಕೊಡುವವರು, ಕೊಳ್ಳುವವರು

ಇನ್ನು ಅಡ್ಡಿಯಿಲ್ಲ ಅಂದುಕೊಂಡೆ. ಮೇಷ್ಟ್ರು ಮತ್ತೆ ಬಂದು ಹೇಳಿದರು: “ಈಗಂತೂ ಮಾರಲ್ಲ ಆಡಿಟ್ರೇ. ಅದು ಮುನ್ನೂರು ಆಗ್ಬೇಕು. ಆ ಮನುಷ್ಯ ಬೆಂಚಿನ ಮೇಲೆ ಕೂತು ಹೊಟ್ಟೆ ಉರ್ಕೋಬೇಕು.”

ಅದೇ ಹೊತ್ತಿಗೆ ಮಲ್ಲೇಶ್ವರದ ಒಬ್ಬ ಮೇಡಂ ಕೂಡ ಬಂದಿದ್ದರು. ಅವರ ಕಥೆ ಉಲ್ಟಾ. ಅವರಿಗೆ ನಷ್ಟ ಮಾತ್ರ ಇತ್ತು. ಲಾಭ ಎಂಬುದು ಅವರ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಈ ನಷ್ಟ ಸಂಬಳದಲ್ಲಿ ಕಳೆಯಲು ಬರುವುದಿಲ್ಲ, ಮುಂದೆ ಲಾಭ ಬಂದಾಗ ನೋಡೋಣ ಎಂದು ಅವರಿಗೆ ಹೇಳಿದೆ. “ನನಗಾ? ಲಾಭಾನಾ?” ಎಂದು ಅವರು ನನ್ನನ್ನು ಕನಿಕರದಿಂದ ನೋಡಿದರು.

ಫೋನ್ ಬಂತೆಂದು ಹೊರಗೆ ಹೋದೆ. ಹತ್ತು ನಿಮಿಷ ಬಿಟ್ಟು ಬಂದಾಗ ಇಬ್ಬರ ನಡುವೆ ಮಾತು ಜೋರಾಗಿ ನಡೆದಿತ್ತು.

“ನಿಮ್ಮ ಹತ್ರ ಎಷ್ಟಿದೆ?” ಅಂತ ಮೇಷ್ಟ್ರು.

“ನಾಲ್ಕು ಲಕ್ಷ ಇದೆ. ಎಲ್ಲಾ ಅಪ್ಪಟ ನಷ್ಟ ಸಾರ್, ಒಂದು ರೂಪಾಯೀನೂ ವಾಪಸ್ ಬರಲ್ಲ.”

“ನನಗೆ ಆರು ಬೇಕಿತ್ತು.”

“ನಮ್ಮ ನಾದಿನಿ ಹತ್ರ ಇನ್ನೆರಡು ಇರುತ್ತೆ. ಕೇಳ್ತೀನಿ.”

ಒಬ್ಬರ ನಷ್ಟವನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮೇಡಂ ನನ್ನ ಕಡೆ ತಿರುಗಿದರು. “ಮೂವತ್ತು ಸಾವಿರಕ್ಕೆ ಮಾತಾಯ್ತು ಸಾರ್. ಡೆಲಿವರಿ ಹೇಗೆ ಕೊಡೋದು?”

೪. ಎರಡು ರೂಪಾಯಿ ಕಡಿಮೆಗೆ

ಕೊನೆಗೆ ಮೇಷ್ಟ್ರು ಮಾರಲು ಒಪ್ಪಿದರು. ಹೆಂಡತಿ ಮೂರು ದಿನ ಮಾತು ಬಿಟ್ಟದ್ದರ ಫಲ ಅದು. ಮಾರ್ಚಿನ ಕೊನೆಯ ವಾರ, ಬೆಳಗ್ಗೆ ಹತ್ತಕ್ಕೆ ಫೋನ್ ಬಂತು.

“ಮಾರಿಬಿಟ್ಟೆ ಆಡಿಟ್ರೇ. ನಲವತ್ತಕ್ಕೆ ಹೋಯ್ತು.”

ಅವತ್ತು ನಾನು ಎರಡು ಕಾಫಿ ಕುಡಿದೆ. ಸಂಜೆ ಮೇಷ್ಟ್ರು ಖುದ್ದಾಗಿ ಬಂದರು. ಮುಖ ಅರಳಿತ್ತು.

“ಮಧ್ಯಾಹ್ನ ನೋಡ್ತೀನಿ, ಮೂವತ್ತೆಂಟಕ್ಕೆ ಇಳಿದಿದೆ! ಬಿಡ್ತೀನಾ? ಮೂರು ಸಾವಿರವನ್ನೂ ವಾಪಸ್ ತಗೊಂಡ್ಬಿಟ್ಟೆ.”

ನಾನು ಕುರ್ಚಿಯಲ್ಲಿ ಕೂತೆ. ಆಗಲೇ ಕೂತಿದ್ದೆ, ಇನ್ನೂ ಸ್ವಲ್ಪ ಕೂತೆ. ಮಾರಿದ ಷೇರನ್ನು ಅದೇ ದಿನ ಕೊಂಡರೆ ಅದು ಮಾರಿದ ಹಾಗೇ ಅಲ್ಲ. ಷೇರು ನಿಮ್ಮ ಖಾತೆ ಬಿಟ್ಟು ಕದಲುವುದೇ ಇಲ್ಲ. ಬಾಡಿಗೆಯವನನ್ನು ಬೆಳಗ್ಗೆ ಖಾಲಿ ಮಾಡಿಸಿ ಮಧ್ಯಾಹ್ನ ಅವನಿಗೇ ಬೀಗದ ಕೈ ಕೊಟ್ಟ ಹಾಗೆ. ಆರು ಲಕ್ಷದ ನಷ್ಟ ಇದ್ದಲ್ಲೇ ಕೂತಿತ್ತು.

“ಅದು ಸರಿ, ಆದ್ರೆ ನಲವತ್ತಕ್ಕೆ ಮಾರಿ ಮೂವತ್ತೆಂಟಕ್ಕೆ ತಗೊಂಡೆ,” ಅಂದರು ಮೇಷ್ಟ್ರು. “ಆರು ಸಾವಿರ ಉಳೀತಲ್ಲ?”

“ಉಳೀತು ಮೇಷ್ಟ್ರೇ. ಅದಕ್ಕೂ ತೆರಿಗೆ.”

ನಷ್ಟ ತನ್ನಿ ಎಂದು ಪೇಟೆಗೆ ಕಳಿಸಿದರೆ, ಲಾಭ ಮಾಡಿಕೊಂಡು ಬಂದಿದ್ದರು.

೫. ಗುರುವಾರದ ರಾಹುಕಾಲ

ಪೇಟೆ ತೆರೆದಿದ್ದ ಕೊನೆಯ ದಿನ ಗುರುವಾರ. ಮೇಷ್ಟ್ರನ್ನೂ ಹೆಂಡತಿಯನ್ನೂ ನನ್ನ ಕಚೇರಿಗೇ ಕರೆಸಿದೆ. ಮಾರುವುದು ನನ್ನ ಕಣ್ಣ ಮುಂದೆ ನಡೆಯಲಿ, ಮಾರಿದ ಮೇಲೆ ಮೊಬೈಲು ನನ್ನ ಡ್ರಾಯರಿನಲ್ಲಿ ಇರಲಿ ಎಂದು. ಹನ್ನೊಂದಕ್ಕೆ ಬರಬೇಕಾದವರು ಆಟೋ ಸಿಗದೆ ಬಂದದ್ದು ಒಂದೂ ಮುಕ್ಕಾಲಿಗೆ. ಮೇಷ್ಟ್ರು ಗೋಡೆಯ ಪಂಚಾಂಗದ ಕ್ಯಾಲೆಂಡರ್ ನೋಡಿದರು.

“ರಾಹುಕಾಲ ಶುರುವಾಗಿದೆ. ಮೂರಕ್ಕೆ ಮುಗಿಯುತ್ತೆ. ಆಮೇಲೆ ಮಾರೋಣ.”

“ಮೂರೂವರೆಗೆ ಪೇಟೆ ಮುಚ್ಚುತ್ತೆ ಮೇಷ್ಟ್ರೇ. ನೀವು ಭೌತಶಾಸ್ತ್ರ ಹೇಳಿಕೊಟ್ಟವರು.”

“ನಾನು ನಂಬಲ್ಲ. ಇವಳಿಗೋಸ್ಕರ.”

ಹೆಂಡತಿ ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. “ನನಗೋಸ್ಕರ ಏನೂ ಬೇಡ. ಒಳ್ಳೆ ಕೆಲಸಕ್ಕೆ ರೀ ರಾಹುಕಾಲ ಆಗದೆ ಇರೋದು. ದರಿದ್ರ ಆಚೆ ಹಾಕೋದಕ್ಕೆ ಇದಕ್ಕಿಂತ ಒಳ್ಳೆ ಮುಹೂರ್ತ ಯಾವ ಪುರೋಹಿತರು ಕೊಡ್ತಾರೆ? ಒತ್ತಿ.”

ಮೇಷ್ಟ್ರು ಮತ್ತೊಮ್ಮೆ ಕ್ಯಾಲೆಂಡರ್ ನೋಡಿದರು. ಹೆಂಡತಿ ಫೋನ್ ಕಿತ್ತುಕೊಂಡು ತಾವೇ ಒತ್ತಿದರು. ಮೂರು ಸಾವಿರ ಷೇರು ಅರ್ಧ ನಿಮಿಷದಲ್ಲಿ ಹೋಯಿತು. ಮೇಷ್ಟ್ರು ಕಣ್ಣೊರೆಸಿಕೊಂಡರು. ಯಾರಾದರೂ ಏನಾದರೂ ಹೇಳಬೇಕೆಂದು ನಾನೇ ಅಂದೆ, “ಒಳ್ಳೇದಾಯ್ತು ಬಿಡಿ.”

“ಯಾರೋ ಪಾಪ ಈಗ ಅದನ್ನ ಕೊಂಡ್ಕೊಂಡಿದಾರೆ,” ಅಂದರು ಹೆಂಡತಿ. “ರಾಹುಕಾಲದಲ್ಲಿ.”

೬. ಕೆಟ್ಟದ್ದರಲ್ಲಿ ಕೆಟ್ಟದ್ದು

ತೆರಿಗೆ ಸೊನ್ನೆಯಾಯಿತು. ಮಂಡಿಯ ದುಡ್ಡು ಹಾಗೇ ಉಳಿಯಿತು, ಅದರ ಮೇಲೆ ಷೇರು ಮಾರಿದ ದುಡ್ಡೂ ಬಂತು. ಡಾಕ್ಟರು ಜೂನ್‌ನಲ್ಲಿ ಆಪರೇಷನ್ ಎಂದರು. ಈ ಕೆಲಸದಲ್ಲಿ ಒಮ್ಮೆಯಾದರೂ ಏನೋ ನೆಟ್ಟಗಾಯಿತು ಎಂದು ನಾನು ನಂಬಿದ್ದು ಆರು ವಾರ.

ಮೇ ತಿಂಗಳಲ್ಲಿ ಮೇಷ್ಟ್ರ ಫೋನ್.

“ಆಡಿಟ್ರೇ, ಒಂದು ಅನಾಹುತ ಆಗಿದೆ.”

“ಅಮ್ಮ ಹುಷಾರಾಗಿದಾರಾ?”

“ಅವಳು ಚೆನ್ನಾಗಿದಾಳೆ. ಇದು ಬೇರೆ. ನಷ್ಟ ಎಷ್ಟು ಉಪಯೋಗಕ್ಕೆ ಬರುತ್ತೆ ಅಂತ ನೀವು ತೋರಿಸಿಕೊಟ್ರಲ್ಲ? ಮುಂದಿನ ಮಾರ್ಚಿಗೆ ನನ್ನ ಹತ್ರ ಒಂದು ನಷ್ಟಾನೂ ಇಲ್ಲ ಅಂತ ಹೊಳೀತು. ಉಳಿದಿರೋ ಒಳ್ಳೆ ಷೇರು ಮಾರೋ ಕಾಲ ಬಂದ್ರೆ ಏನು ಗತಿ? ಅದಕ್ಕೆ ಈಗ್ಲೇ ಒಂದು ಹಾಳು ಕಂಪನಿ ಷೇರು ತಗೊಂಡಿಟ್ಟೆ.”

“ಯಾವ ದುಡ್ಡಲ್ಲಿ?”

“ಮಂಡಿ ದುಡ್ಡು ಸುಮ್ನೆ ಕೂತಿತ್ತಲ್ಲ. ನಾಲ್ಕು ದಿನ ಓದಿ, ವಿಚಾರಿಸಿ, ಕೆಟ್ಟದ್ದರಲ್ಲಿ ಕೆಟ್ಟದ್ದು ಆರಿಸಿದ್ದೆ. ಕಾರ್ಖಾನೆಗೆ ಬೀಗ. ಮೈತುಂಬಾ ಸಾಲ. ಮಾಲೀಕ ಎಲ್ಲಿದಾನೋ ಗೊತ್ತಿಲ್ಲ. ಈಗ ಅದನ್ನ ಯಾರೋ ದೊಡ್ಡೋರು ಕೊಂಡ್ಕೊಳ್ತಾರಂತೆ. ಮೂರು ವಾರದಲ್ಲಿ ಎರಡರಷ್ಟಾಗಿದೆ!”

ನಾನು ದೇವರನ್ನು ನಂಬುವವನಲ್ಲ. ಆ ಕ್ಷಣ ಸ್ವಲ್ಪ ಸಡಿಲಾದೆ. “ಮೇಷ್ಟ್ರೇ, ಅದು ಅನಾಹುತ ಅಲ್ಲ. ಈಗ್ಲೇ ಮಾರಿ. ಮಂಡಿಯಾಗಿ ಇನ್ನೂ ಕೈಯಲ್ಲಿ ಉಳಿಯುತ್ತೆ.”

“ಮಾರಿದ್ರೆ ಲಾಭ ಬರುತ್ತಲ್ಲ ಆಡಿಟ್ರೇ. ವರ್ಷದೊಳಗೆ ಮಾರಿದ್ರೆ ಇಪ್ಪತ್ತು ಪರ್ಸೆಂಟು ಟ್ಯಾಕ್ಸು ಅಂತ ನೀವೇ ಹೇಳಿದೀರಿ.”

“ಮತ್ತೆ ಅಮ್ಮನ ಮಂಡಿ?”

“ಅವಳಿಗೂ ಅದನ್ನೇ ಹೇಳಿದೀನಿ,” ಅಂದರು ಮೇಷ್ಟ್ರು, ಸಮಾಧಾನವಾಗಿ. “ಸ್ವಲ್ಪ ತಡ್ಕೊ, ಇದು ಇಳೀಲಿ. ಕೊಂಡಿದ್ದಕ್ಕಿಂತ ಕೆಳಗೆ ಇಳಿದ ತಕ್ಷಣ ಮಾರಿ ಆಪರೇಷನ್ ಮಾಡಿಸ್ತೀನಿ ಅಂತ.”