ಯಾವ ಮಾಡ್ಯೂಲವಾ ನಿಂದು?

ನಮ್ಮ ಮೌಶಿಗೆ, ಅಂದರೆ ಅಮ್ಮನ ತಂಗಿಗೆ, ಕಂಪ್ಯೂಟರ್ ಆನ್ ಮಾಡಲೂ ಬರುವುದಿಲ್ಲ. ಆದರೆ ವಿಜಯವಾಡದಿಂದ ವಿಶಾಖಪಟ್ಟಣದವರೆಗಿನ ಕನ್ನಡದ ಹುಡುಗ ಹುಡುಗಿಯರು ಯಾವ ಸಾಫ್ಟ್‌ವೇರ್ ಸರ್ಟಿಫಿಕೇಶನ್ ಮಾಡಬೇಕೆಂದು ಕೇಳುತ್ತಿದ್ದುದು ಅವಳನ್ನೇ! ನಗಬೇಡಿ. ನಾನೂ ಕೇಳಿದವಳೇ.

ಇದಕ್ಕೆಲ್ಲ ಮೂಲ ಕಾಕಾ, ಅವಳ ಗಂಡ. ಧಾರವಾಡದಿಂದ ವಿಜಯವಾಡಕ್ಕೆ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿ. ಬ್ಯಾಂಕಿಗೆ ಹೊಸ ಸಾಫ್ಟ್‌ವೇರ್ ಬಂದಾಗ ವರ್ಷವಿಡೀ ಮನೆಯ ಫೋನಿನಲ್ಲಿ ಅದೇ ಮಾತು. ಕಾಕಾ ಮಾತಾಡಿ ಮರೆತರು, ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಮೌಶಿ ಎಲ್ಲವನ್ನೂ ಕಲಿತುಬಿಟ್ಟಳು! ಅಂದಿನಿಂದ ಭವಾನಿಪುರಂ ಬಡಾವಣೆಯ ಆ ಮನೆಗೆ ಯಾರೇ ಹೋಗಲಿ, ಊಟದ ಮಾತಿಲ್ಲ. "ಯಾವ ಮಾಡ್ಯೂಲವಾ ನಿಂದು?" ಸಾಫ್ಟ್‌ವೇರಿನ ಯಾವ ಭಾಗದಲ್ಲಿ ನಿನ್ನ ಕೆಲಸ ಎಂದರ್ಥ. ಅರಿಶಿನ ಕುಂಕುಮಕ್ಕೆ ಬಂದ ಹುಡುಗಿಯರ ಪರಿಚಯವೂ ಹಾಗೆಯೇ: "ಈಕಿ ಫೈನಾನ್ಸ್, ಆಕಿ ಎಚ್‌ಆರ್. ಇಬ್ಬರದೂ ಇನ್ನೂ ಸರ್ಟಿಫಿಕೇಶನ್ ಆಗಿಲ್ಲ, ಪಾಪ!"

ಒಮ್ಮೆ ಒನ್ ಟೌನ್ ಪೇಟೆಯಿಂದ ಸ್ಟೀಲ್ ಡಬ್ಬಿಗಳನ್ನು ತಂದು ಒಂದೊಂದಕ್ಕೂ ಬರೀ ನಂಬರ್ ಅಂಟಿಸಿದಳು. ಸಕ್ಕರೆ ಏಳು, ಉಪ್ಪು ಹದಿನೇಳು. ಮರುದಿನ ಕಾಕಾ ತಾವೇ ಚಹಾ ಮಾಡಿಕೊಂಡು, ಒಂದು ಗುಟುಕು ಕುಡಿದು ಬಚ್ಚಲಿಗೆ ಓಡಿದರು. ಮೌಶಿಗೆ ಚೂರೂ ಗಾಬರಿಯಿಲ್ಲ. "ಸಿಸ್ಟಮ್ ಬರೋಬ್ಬರಿ ಅದರೀ. ಯೂಸರ್ ಟ್ರೇನಿಂಗ್ ಕಡಿಮಿ ಬಿದ್ದದ!"

ಆಗ ನಾನು ವಿಶಾಖಪಟ್ಟಣದ ಒಂದು ಔಷಧಿ ಕಾರ್ಖಾನೆಯ ಖರೀದಿ ವಿಭಾಗಕ್ಕೆ ಅಂಥದೇ ಸಾಫ್ಟ್‌ವೇರ್ ಅಳವಡಿಸುತ್ತಿದ್ದೆ. ಕೆಲಸ ಮುಗಿಯಿತು. ಸರ್ಟಿಫಿಕೇಟ್ ಇದ್ದರೆ ಮುಂದಿನ ಪ್ರಾಜೆಕ್ಟ್ ಎಂದರು ಮ್ಯಾನೇಜರ್. ಇಲ್ಲದಿದ್ದರೆ? ಧಾರವಾಡದಲ್ಲಿ ಅಪ್ಪ ಗಂಡು ನೋಡಿಟ್ಟುಕೊಂಡು ಕೂತಿದ್ದರು! ಮೌಶಿಗೆ ಫೋನ್ ಮಾಡಿದೆ.

"ಕೈ ಪಳಗೇದ, ಈಗ ಪರೀಕ್ಷಾಕ್ಕ ಕೂಡು. ಸೆಂಟರ್ ಇಲ್ಲೇ ಅದ, ಬಾ. ಆದರ ಯಾರೋ ಕೊಟ್ಟ ಪ್ರಶ್ನಿ ಉರು ಹೊಡೀಬ್ಯಾಡ. ನೀ ಮಾಡಿದ ಕೆಲಸಾನ ನೆನಸ್ಕೋ. ಸರೇನಾ?"

ಹೊರಡುವಾಗ ಅನಕಾಪಲ್ಲಿಯ ಬೆಲ್ಲ ಕೊಂಡು ರೈಲು ಹತ್ತಿದೆ. ಬಾಗಿಲಲ್ಲೇ ಮೌಶಿ ಕೈ ಅಡ್ಡ ಹಿಡಿದಳು. "ಪರ್ಚೇಸ್ ಆರ್ಡರ್ ಎಲ್ಲಿ? ಆರ್ಡರ್ ಇಲ್ಲದ ಮಾಲು ಒಳಗ ತಗೋಳಂಗಿಲ್ಲ!" ಹೊಸ್ತಿಲಾಚೆ ನಿಂತು ಆರ್ಡರ್ ಬರೆದು ಅವಳ ಸಹಿ ಹಾಕಿಸಿಕೊಂಡ ಮೇಲೆಯೇ ಬೆಲ್ಲವೂ ನಾನೂ ಒಳಗೆ ಹೋದೆವು.

ಇಷ್ಟಾದರೂ ಅವಳ ಮಾತು ಕೇಳಿದೆನೆ? ಇಲ್ಲ! ಗೆಳತಿ ಕೊಟ್ಟ ಪ್ರಶ್ನೆಗಳ ಕಟ್ಟನ್ನು ಉರು ಹೊಡೆದೆ. ಅದರಲ್ಲಿ ಒಂದೂ ಬರಲಿಲ್ಲ. ನಪಾಸು ಎಂದು ಪರದೆ ಅಲ್ಲೇ ಹೇಳಿಬಿಟ್ಟಿತು. ಮನೆಗೆ ಬಂದರೆ ಮೌಶಿ ಅದೇ ಬೆಲ್ಲದ ಹೋಳಿಗೆ ಮಾಡಿ ಓಣಿಯವರನ್ನೆಲ್ಲ ಕರೆದು ಕೂರಿಸಿದ್ದಾಳೆ! ನನ್ನ ಮುಖ ನೋಡಿದವಳೇ ಎಲ್ಲರಿಗೂ ಹೋಳಿಗೆ ಬಡಿಸಿ ಕಳಿಸಿದಳು.

ಊರಿಗೆ ಹೋಗಲು ಬ್ಯಾಗು ತುಂಬುತ್ತಿದ್ದೆ. ಬಂದು ಪಕ್ಕದಲ್ಲಿ ಕೂತಳು.

"ನಾ ಮೆಟ್ರಿಕ್‌ನಾಗ ಗಣಿತಕ್ಕ ಫೇಲಾಗಿದ್ದೆ, ಗೊತ್ತೇನು? ಇನ್ನೊಮ್ಮೆ ಕೂಡತೀನಿ ಅಂತ ಎಲ್ಲಾರ ಕಾಲು ಹಿಡದೆ. ಯಾರೂ ಕೂಡಸಲಿಲ್ಲ. ಲಗ್ನ ಮಾಡಿದ್ರು."

ಅಷ್ಟು ಹೇಳಿ ಎದ್ದು ಹೋಗಿ ಅಪ್ಪನಿಗೆ ಫೋನ್ ಹಚ್ಚಿದಳು. "ಭಾವಾ, ಈಕಿ ಇನ್ನೊಮ್ಮೆ ಕೂಡತಾಳ. ಅಲ್ಲೀತನಾ ಗಂಡಿನ ಸುದ್ದಿ ತಗೀಬ್ಯಾಡ್ರಿ." ಬ್ಯಾಗು ಹಿಡಿದುಕೊಂಡು ಅತ್ತುಬಿಟ್ಟೆ.

ಎರಡನೇ ಸಲ ಮೌಶಿಯೂ ಜೊತೆಗೆ ಬಂದಳು. ಒಳಗೆ ನಾನು ಹೊಸ್ತಿಲಾಚೆಯ ಆ ಬೆಲ್ಲದ ಆರ್ಡರನ್ನೇ ನೆನೆಸಿಕೊಂಡು ಉತ್ತರಿಸಿದೆ. ಅವಳು ಅಷ್ಟೂ ಹೊತ್ತು ಹೊರಗಿನ ಬೆಂಚಿನ ಮೇಲೆ ಕೂತಿದ್ದಳಂತೆ, ನೀರು ಕುಡಿಯಲೂ ಎದ್ದಿರಲಿಲ್ಲ. ಪಾಸಾದ ಕಾಗದವನ್ನು ಅವಳ ಕೈಗಿಟ್ಟೆ. ಬೆರಳಿಟ್ಟು ನನ್ನ ಹೆಸರು ಹುಡುಕಿದಳು, ಓದಿದಳು, ಮತ್ತೊಮ್ಮೆ ಓದಿದಳು.

"ಎರಡನೇ ಸಲ ಪರೀಕ್ಷಾಕ್ಕ ಕೂತಾಕಿ ನಮ್ಮ ಮನ್ಯಾಗ ನೀನ ಮೊದಲನೇದಾಕಿ ನೋಡವಾ," ಎಂದಳು.