ರತ್ನನ ಮನೆಸಾಲಕ್ಕೆ ಸಿಕ್ಕಿಬಿದ್ದ ನನ್ನ ಕೊಟ್ಟಿಗೆ

ಸರ್ಕಾರ ಏನು ಮಾಡಬೇಕು ಅಂತ ಹೇಳುವುದಕ್ಕೆ ಹೆಚ್ಚು ಓದಿರಬೇಕಾಗಿಲ್ಲ. ಬೆಳಿಗ್ಗೆ ಕ್ಯಾನು ಹಿಡಿದುಕೊಂಡು ಹಾಲಿನ ಡೈರಿ ಮುಂದೆ ನಿಂತರೆ ಸಾಕು. ಹಾಲು ಗಟ್ಟಿಯೋ ನೀರೋ ಅಂತ ಅಳೆದು, ಡಿಗ್ರಿ ಎಷ್ಟು ಬಂತು ಅಂತ ನೋಡುವಷ್ಟರಲ್ಲಿ ದೇಶ ಸರಿಹೋಗಿರುತ್ತದೆ. ನನ್ನ ಹಾಲಿಗೆ ಡಿಗ್ರಿ ಕಡಿಮೆ ಬಂದ ದಿನ ದೇಶದ ಮೇಲೆ ನನ್ನ ಸಿಟ್ಟು ಸ್ವಲ್ಪ ಜಾಸ್ತಿ. ಬೂದಿಕೋಟೆ ಕಡೆಯ ಹೆಂಗಸು ನಾನು, ಅನ್ನಿಸಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೊಟ್ಟೆ ಉಬ್ಬರಿಸುತ್ತದೆ.

ಈಚೆಗೆ ಡೈರಿಯಲ್ಲೆಲ್ಲ ಮನೆಸಾಲದ್ದೇ ಮಾತು. ಸಾಲ ತೀರಿಸಲಾಗದವರ ಬಾಕಿಯನ್ನು ಸರ್ಕಾರವೇ ಕಟ್ಟುತ್ತದಂತೆ, ಸಾಲ ಕೊಟ್ಟು ಮುಳುಗಿದ ಫೈನಾನ್ಸಿನವರನ್ನೂ ಅದೇ ಮೇಲೆತ್ತುತ್ತದಂತೆ ಅಂತ ಯಾರೋ ಫೋನಿನಲ್ಲಿ ನೋಡಿಕೊಂಡು ಬಂದಿದ್ದರು.

“ಕಟ್ಬೇಕು ಕಣಜ್ಜಿ. ಬಡವ್ರು ಮನೆ ಕಳ್ಕೊಂಡು ಎಲ್ಲಿಗೋಗ್ಬೇಕು?” ಅಂದ, ಹಾಲು ಅಳೆಯುವ ವೆಂಕಟೇಶ.

“ನಿಮ್ಮಪ್ಪನ ಗಂಟೇನ್ಲಾ? ನಾನು ಮನೆ ಕಟ್ಟಿದಾಗ ಯಾವ ಗೌರ್ಮೆಂಟು ಬಂದು ಇಟ್ಟಿಗೆ ಎತ್ಕೊಡ್ತು? ತಗೊಂಡೋರು ಕಟ್ಲಿ. ಕೊಟ್ಟೋನು ಕಣ್ಮುಚ್ಕೊಂಡು ಕೊಟ್ಟಿದ್ರೆ ಅಂಗೇ ಮುಚ್ಕೊಂಡು ಮಲಗ್ಲಿ” ಅಂದೆ. ಎಲ್ಲರೂ ನಕ್ಕರು. ಹೀಗೆ ನ್ಯಾಯ ಹೇಳಿ ಬಂದ ದಿನ ನನಗೆ ಅರ್ಧ ಮುದ್ದೆ ಜಾಸ್ತಿಯೇ ಸೇರುತ್ತದೆ.

ನಾನು ಅಂದದ್ದು ಯಾರಿಗೆ ಅಂತಲೂ ಅವರಿಗೆ ಗೊತ್ತಿತ್ತು. ನನ್ನ ಪಕ್ಕದ ಮನೆ ರತ್ನ ದಿನಾ ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಆ ಸಂಬಳ ನಂಬಿ ಮನೆಪತ್ರ ಒತ್ತೆಯಿಟ್ಟು, ಹೆಂಚು ತೆಗೆಸಿ ತಾರಸಿ ಹಾಕಿಸಿದಳು. ತಾರಸಿಯ ನೀರು ಒಣಗುವ ಹೊತ್ತಿಗೆ ಗಾರ್ಮೆಂಟ್ಸಿನವರು ಬಾಗಿಲು ಹಾಕಿದರು. ಗಂಡನ ಗಾರೆ ಕೆಲಸದ ಕೂಲಿ ಅಕ್ಕಿ ಬೇಳೆಗೆ ಸರಿಹೋಯಿತು. ಕಂತು ನಿಂತಿತು. ಸಾಲ ಕೊಟ್ಟ ಫೈನಾನ್ಸಿನವನು ಗೃಹಪ್ರವೇಶಕ್ಕೆ ಬಂದು, ಪಾಯಸ ಇನ್ನೊಂದು ಸಲ ಹಾಕಿಸಿಕೊಂಡು, ಗೋಡೆ ತಟ್ಟಿ ನೋಡಿ “ಮನೆ ಗಟ್ಟಿಯಾಗೈತೆ” ಅಂದಿದ್ದ. ಹೊಗಳುತ್ತಿದ್ದಾನೆ ಅಂದುಕೊಂಡಿದ್ದೆವು.

ಒಂದು ದಿನ ಅವನೇ ಬಣ್ಣದ ಡಬ್ಬ ಹಿಡಿದುಕೊಂಡು ಬಂದು ಗೋಡೆ ಮೇಲೆ ದಪ್ಪಗೆ ಬರೆಯತೊಡಗಿದ. ‘ಈ ಮನೆ ಅಡಮಾನದಲ್ಲಿದೆ’ ಅಂತ ನಾನು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಒಲೆ ಮೇಲಿನ ಅವರೆಕಾಳು ತಳ ಹಿಡಿಯಿತು. ನೋಡಿದರೆ, ಬರೆದದ್ದು ನನ್ನ ಕೊಟ್ಟಿಗೆ ಕಡೆಯ ಗೋಡೆಗೆ! ಕೆಳಗೆ ನನ್ನ ಸೀಮೆಹಸು ಮೆಲುಕು ಹಾಕುತ್ತ ನಿಂತಿತ್ತು. ದಾರಿಯಲ್ಲಿ ಹೋಗುವವರಿಗೆ ಅದೂ ಅಡಮಾನಕ್ಕೆ ಬಿದ್ದ ಹಾಗೆ ಕಾಣುತ್ತಿತ್ತು.

“ಲೇ, ಅದು ನನ್ ಗೋಡೆ ಕಣ್ಲಾ! ಅಳಿಸ್ಲಾ!”

ಅವನು ಮಾರಿಕುಪ್ಪಂ ಕಡೆಯವನು, ಬಾಯಲ್ಲಿ ತಮಿಳು ಕನ್ನಡ ಎರಡೂ ಒಟ್ಟಿಗೇ ಬರುತ್ತವೆ. “ಪಾಟ್ಟೀ, ಕೋಪಪಡಾದೀಂಗ, ಸಿಟ್ಟು ಬೇಡ ಅಜ್ಜೀ. ಗೋಡೆ ರತ್ನಮ್ಮಂದು. ನಿಮ್ ಕೊಟ್ಟಿಗೆ ಶೀಟು ಹೊತ್ತಿರೋ ಪೈಪು ಅವ್ರ ಗೋಡೆ ಒಳಗೆ ಓಗೈತೆ ನೋಡಿ. ನಾಳೆ ಮನೆ ಹರಾಜಾಗಿ, ತಗೊಂಡೋರು ಕಿತ್ಕೊಳ್ಳಿ ಅಂದ್ರೆ ಕಿತ್ಕೋಬೇಕು.”

ಅವನು ಹೇಳಿದ್ದು ನಿಜ. ನಮ್ಮ ಬೀದಿಯಲ್ಲಿ ಕೊಟ್ಟಿಗೆ ಕಟ್ಟುವವರು ಮೂರೇ ಗೋಡೆ ಕಟ್ಟುತ್ತಾರೆ, ನಾಲ್ಕನೆಯದು ಪಕ್ಕದವರದು. ಅದಕ್ಕೆ ಪತ್ರ ಗಿತ್ರ ಏನೂ ಇಲ್ಲ. ಹಸು ಕರು ಹಾಕಿದಾಗ ಗೋಡೆಯವರಿಗೆ ಒಂದು ಚೊಂಬು ಗಿಣ್ಣು ಹಾಲು ಕೊಟ್ಟರೆ ಮುಗಿಯಿತು. ರತ್ನನ ಅತ್ತೆಯ ಕಾಲದಿಂದ ಹಾಗೇ ಕೊಟ್ಟುಕೊಂಡು ಬಂದಿದ್ದೇನೆ. ಹರಾಜಿನಲ್ಲಿ ಮನೆ ಹಿಡಿಯುವ ಯಾವನೋ ಪೇಟೆಯವನು ಗಿಣ್ಣಿಗೆ ಒಪ್ಪುತ್ತಾನೆಯೇ? ಅವಳು ಮನೆ ಬಿಟ್ಟರೆ ನನ್ನ ಹಸು ಬೀದಿಗೆ.

ರತ್ನ ಹೊಸಿಲ ಮೇಲೆ ಕೂತಿದ್ದಳು. “ಡೈರಿ ತಾವ ನೀನಂದಿದ್ದು ನನ್ ಕಿವಿಗೂ ಬಿತ್ತಜ್ಜಿ” ಅಂದಳು.

“ಅಂದೆ. ಈಗೇನು?”

“ಏನಿಲ್ಲ. ಪೈಪು ಯಾವಾಗ ಕಿತ್ಕೋತೀಯ ಅಂತ ಕೇಳ್ದೆ.”

ಇಂಥ ನಾಲಿಗೆಯವಳನ್ನು ಬಿಟ್ಟು ಇನ್ನು ಯಾರ ಪಕ್ಕದಲ್ಲಿ ಬದುಕಲಿ? ಒಳಗೆ ಹೋಗಿ, ಕಡಸು ಮಾರಿ ಅಕ್ಕಿ ಡಬ್ಬದಲ್ಲಿಟ್ಟಿದ್ದ ದುಡ್ಡು ತಂದೆ. ಫೈನಾನ್ಸಿನವನು ಮೇನೇಜರಿಗೆ ಫೋನು ಮಾಡಿದ. ಹಳೇ ಬಾಕಿಗೆ ಅಷ್ಟು ಕಟ್ಟಿದರೆ ಹರಾಜು ಬೇಡ, ಕಂತು ಸಣ್ಣದು ಮಾಡಿ ವರ್ಷ ಜಾಸ್ತಿ ಮಾಡೋಣ ಅಂದರಂತೆ. ದುಡ್ಡು ರತ್ನನ ಕೈಗೇ ಕೊಟ್ಟು, “ಇದು ದಾನ ಅಲ್ಲ ಕಣೇ, ಕೈಸಾಲ” ಅಂದೆ. ಬರೆದವನ ಕೈಯಲ್ಲೇ ಸುಣ್ಣ ಬಳಿಸಿದೆ.

ಈಗ ರತ್ನ ಬಂಗಾರಪೇಟೆಯಲ್ಲಿ ಒಬ್ಬರ ಟೈಲರಿಂಗ್ ಅಂಗಡಿಗೆ ಹೋಗುತ್ತಾಳೆ, ಫೈನಾನ್ಸಿನ ಕಂತು ತಪ್ಪಿಸುವುದಿಲ್ಲ. ಹಸು ಕೊಟ್ಟಿಗೆಯಲ್ಲಿದೆ, ನನ್ನ ಮೆಣಸಿನಕಾಯಿ ಅವಳ ತಾರಸಿ ಮೇಲೆ ಒಣಗುತ್ತಿದೆ. ನನಗೆ ಇನ್ನೇನು ಬೇಕು? ಕೈಸಾಲ ಮಾತ್ರ ಬರಲಿಲ್ಲ. ಕೇಳಿದರೆ “ಮುಂದಿನ ತಿಂಗಳು ಕೊಡ್ತೀನಜ್ಜೀ” ಅಂತ ಎಷ್ಟು ಚೆಂದ ನಗುತ್ತಾಳೆಂದರೆ, ಬೈಯಲು ಬಾಯಿಯೇ ಬರುವುದಿಲ್ಲ.

ನಿನ್ನೆ ಡೈರಿಯಲ್ಲಿ ಮತ್ತೆ ಅದೇ ಚರ್ಚೆ. ಎಲ್ಲರೂ ಕ್ಯಾನು ಎತ್ತಿಕೊಂಡು ಹೋಗುವವರೆಗೂ ಕಾದು, ಮೆಲ್ಲಗೆ ಕೇಳಿದೆ: “ಅಲ್ಲ ಕಣ್ಲಾ ವೆಂಕ್ಟೇಸ, ಸಾಲ ಕೊಟ್ಟು ಮುಳುಗ್ದೋರ್ನೂ ಗೌರ್ಮೆಂಟು ಮೇಲೆತ್ತುತ್ತೆ ಅಂದ್ರಲ್ಲ, ಅದ್ರಲ್ಲಿ ಒಂದೇ ಮನೇಗೆ ಕೊಟ್ಟೋರೂ ಸೇರ್ತಾರಾ?”