ಕಾಕಾನ ಇಳಿಜಾರು ಮತ್ತು ನನ್ನ ಸಲಹಾಪತ್ರ

ಇದು ನಡೆದದ್ದು ತೊಂಬತ್ತೆಂಟರಲ್ಲೋ ತೊಂಬತ್ತೊಂಬತ್ತರಲ್ಲೋ, ಖಚಿತವಿಲ್ಲ. ಡೈರಿಯಲ್ಲಿ ಆ ತಿಂಗಳ ಹಾಳೆಗಳೇ ಇಲ್ಲ, ನಾನೇ ಹರಿದಿರಬೇಕು. ಯಾರು ಯಾವ ಮಾತು ಮೊದಲು ಆಡಿದರೆಂಬುದು ಹಿಂದುಮುಂದಾಗಿರಬಹುದು. ತಪ್ಪು ನನ್ನದೆಂಬುದು ಮಾತ್ರ ಸರಿಯಾಗಿ ನೆನಪಿದೆ.

ನಮ್ಮೂರ ಪುರಸಭೆ ಗೋಡೆಗೊಂದು ಪ್ರಕಟಣೆ ಅಂಟಿಸಿತು. ಬಸ್‌ಸ್ಟ್ಯಾಂಡ್ ಎದುರಿನ ರಸ್ತೆಯಲ್ಲಿ ನಿಲ್ಲುವ ವಾಹನಗಳಿಗೆ ಇನ್ನು ಮುಂದೆ ಶುಲ್ಕ. ಸಾರ್ವಜನಿಕರು ಹದಿನೈದು ದಿನಗಳೊಳಗೆ ಸಲಹೆ, ಆಕ್ಷೇಪಣೆ ಸಲ್ಲಿಸಬಹುದು. ಅಪ್ಪನ ತಮ್ಮ, ನನ್ನ ಕಾಕಾ, ತಮ್ಮ ಹಳೆಯ ಬಿಳಿ ಕಾರು ನಿಲ್ಲಿಸಿ ಬಾಡಿಗೆಗೆ ಕಾಯುತ್ತಿದ್ದದ್ದು ಅದೇ ರಸ್ತೆಯಲ್ಲಿ. ಅವರ ಸಂಸಾರ ಆ ಕಾರಿನ ಮೇಲೇ ನಡೆಯುತ್ತಿತ್ತು.

ನಾನು ಆಗಷ್ಟೇ ಧಾರವಾಡದಲ್ಲಿ ರಾಜ್ಯಶಾಸ್ತ್ರದ ಎಂ.ಎ. ಮುಗಿಸಿ ಬಂದಿದ್ದೆ. ಪ್ರಜಾಪ್ರಭುತ್ವ ನನಗಾಗಿಯೇ ಕಾಯುತ್ತಿದೆ ಅನ್ನಿಸಿತು.

"ಕಾಕಾ, ಆಕ್ಷೇಪಣಾ ನಾ ಬರದ ಕೊಡತೇನಿ."

"ಅದನ್ನ ಯಾರ ಓದತಾರವಾ?"

"ಓದೂ ಹಂಗ ಬರೀತೇನಿ ತಗೋರಿ."

ಒಲೆಯ ಮುಂದಿದ್ದ ಕಾಕಾನ ಹೆಂಡತಿ, ನಮ್ಮ ಕಾಕು, ಹೇಳಿದಳು: "ಬರೀಲಿ ಬಿಡ್ರಿ. ಅಷ್ಟ ಕಲಿಸಿದ್ದು ಮತ್ಯಾತಕ್ಕ?"

ಮೂರು ಹಾಳೆ ಬರೆದೆ. ಶುಲ್ಕ ವಸೂಲಿಗೆ ಮೊದಲು ರಸ್ತೆಗೆ ಗೆರೆ ಹೊಡೆದು ನಂಬರ್ ಹಾಕಬೇಕು. ಜಾಗಗಳನ್ನು ಚೀಟಿ ಎತ್ತಿ ಹಂಚಬೇಕು. ಒಬ್ಬರೇ ವರ್ಷಾನುಗಟ್ಟಲೆ ಒಂದೇ ಜಾಗ ಹಿಡಿದಿರುವುದು ಸಮಾನತೆಯ ತತ್ವಕ್ಕೆ ವಿರುದ್ಧ. ಈ ಕೊನೆಯ ಬಾಣ ಬಿಟ್ಟದ್ದು ಅಲ್ಲಿ ಸದಾ ನಿಂತಿರುತ್ತಿದ್ದ ಕಾಳಿನ ವ್ಯಾಪಾರಿಯ ಜೀಪಿನ ಕಡೆಗೆ. ಎಲ್ಲವನ್ನೂ ಏರುದನಿಯಲ್ಲಿ ಓದಿ ಹೇಳಿದೆ. ಕಾಕಾ ಕಣ್ಣು ಮುಚ್ಚಿ ಕೇಳಿದರು.

"ಛಲೋ ಬರದಿ," ಎಂದು ಸಹಿ ಮಾಡಿದರು.

ಪುರಸಭೆ ಇದಕ್ಕೆಂದು ಸಭೆ ಕರೆದ ದಿನ ತಿಳಿಯಿತು, ಇಡೀ ಊರಿನಿಂದ ಬಂದದ್ದು ಒಂದೇ ಅರ್ಜಿ. ನನ್ನದು. ಕಾಕಾನ ಗೆಳೆಯ, ಇನ್ನೊಬ್ಬ ಡ್ರೈವರ್ ಇಮಾಮಸಾಬ್ ಎದ್ದು ನಿಂತ. "ಸಾಹೇಬ್ರ, ಚೀಟಿ ಗೀಟಿ ಬ್ಯಾಡ್ರಿ. ನಮ್ಮ ನಮ್ಮೊಳಗ ಹೊಂದಿಸಿಕೊಂಡೇವಿ."

"ಮಾಮಾ, ಇದು ನ್ಯಾಯದ ಪ್ರಶ್ನೆ ಐತ್ರಿ," ಎಂದೆ ನಾನು.

ಅವನು ಕಾಕಾನ ಮುಖ ನೋಡಿದ. ಕಾಕಾ ಬೇಡವೆಂಬಂತೆ ತಲೆಯಾಡಿಸಿದರು. ಅವನು ಕುಳಿತ. ನನ್ನ ಸಲಹೆಗಳು ಸರ್ವಾನುಮತದಿಂದ ಅಂಗೀಕಾರವಾದವು!

ಚೀಟಿಯಲ್ಲಿ ಕಾಕಾಗೆ ಬಂದದ್ದು ಹನ್ನೊಂದನೇ ನಂಬರ್, ನೀರಿನ ಟಾಕಿಯ ಪಕ್ಕ, ಸಮತಟ್ಟು ನೆಲ. ಮರುದಿನ ಬೆಳಿಗ್ಗೆ ಊರಿಗೆಲ್ಲ ಗೊತ್ತಿದ್ದು ನನಗೊಬ್ಬಳಿಗೇ ಗೊತ್ತಿಲ್ಲದ ಸಂಗತಿ ಹೊರಬಿತ್ತು. ಕಾರಿನ ಸೆಲ್ಫ್ ಸ್ಟಾರ್ಟರ್ ಕೆಟ್ಟು ವರ್ಷಗಳಾಗಿದ್ದವು. ರಸ್ತೆಯ ಇಳಿಜಾರಿನ ತುದಿಯ ಜಾಗವನ್ನು ಡ್ರೈವರುಗಳೆಲ್ಲ ಕಾಕಾಗೆಂದೇ ಬಿಟ್ಟಿದ್ದರು. ಬ್ರೇಕ್ ಬಿಟ್ಟರೆ ಕಾರು ಉರುಳಿ, ಬಟ್ಟೆ ಅಂಗಡಿ ಮುಟ್ಟುವಷ್ಟರಲ್ಲಿ ಶುರುವಾಗುತ್ತಿತ್ತು. ಸಮತಟ್ಟಿನಲ್ಲಿ ಅದೊಂದು ಕಪಾಟು.

ರಿಪೇರಿಗೆ ದುಡ್ಡು ಬೇಕು, ದುಡ್ಡಿಗೆ ಬಾಡಿಗೆ ಬೇಕು, ಬಾಡಿಗೆಗೆ ಇಳಿಜಾರು ಬೇಕು.

ಚೀಟಿಯಲ್ಲಿ ಇಳಿಜಾರಿನ ಜಾಗ ಬಂದಿದ್ದವನು ಬದಲಾಯಿಸಿಕೊಳ್ಳಲು ತಾನಾಗಿ ಮುಂದೆ ಬಂದ. ವಸೂಲಿಯವನು ಒಪ್ಪಲಿಲ್ಲ. ಅದಲುಬದಲಿಗೆ ಅವಕಾಶವಿಲ್ಲವಂತೆ. ಯಾರ ನಿಯಮ? ನನ್ನದೇ, ಮೂರನೇ ಹಾಳೆ.

ನಾನು ಕಚೇರಿಗೆ ಓಡಿದೆ. ಮುಖ್ಯಾಧಿಕಾರಿ ಎದ್ದು ನಿಂತು ಕುರ್ಚಿ ತೋರಿಸಿದರು. "ಕುಂದರ್ರಿ ಮೇಡಂ. ನಿಮ್ಮ ಸಲಹಾ ಒಂದೂ ಬಿಡದ ಜಾರಿ ಮಾಡೇವಿ. ಆಕ್ಷೇಪಣಾ ಅವಧಿ ಮುಗದೈತ್ರಿ."

ಮೊದಲ ವಾರ ಡ್ರೈವರುಗಳೇ ಕಾರು ತಳ್ಳಿದರು. ಯರಗಟ್ಟಿಯ ಮದುವೆಗೆ ಹೊರಟ ಮದುಮಗ ಬಾಸಿಂಗ ಕಟ್ಟಿಕೊಂಡೇ ತಳ್ಳಿದ. ಬಸ್‌ಸ್ಟ್ಯಾಂಡ್ ಬಿದ್ದು ಬಿದ್ದು ನಕ್ಕಿತು, ಕಾಕಾ ಕೂಡ. ಆಮೇಲೊಂದು ಮಧ್ಯಾಹ್ನ ಬೆಳಗಾವಿಯ ಆಸ್ಪತ್ರೆಗೆಂದು ಹೆರಿಗೆ ನೋವಿನ ಹೆಂಗಸನ್ನು ಕರೆತಂದರು. ಆಕೆಯ ಅತ್ತೆ ಸೆರಗು ಸಿಕ್ಕಿಸಿ ತಳ್ಳಲು ನಿಂತಳು. ಕಾರು ಕೆಮ್ಮಿತು, ನಿಂತಿತು. ಕಾಕಾ ಇಳಿದು ಆ ಹೆಂಗಸನ್ನು ತಾವೇ ಹಿಡಿದು ಇಮಾಮಸಾಬನ ಗಾಡಿಯಲ್ಲಿ ಕೂರಿಸಿದರು. ಅಂದು ನಗು ಇರಲಿಲ್ಲ. ಹನ್ನೊಂದನೇ ನಂಬರಿಗೆ ಆಮೇಲೆ ಯಾರೂ ಬರಲಿಲ್ಲ.

ದೀಪಾವಳಿಯ ಮುಂಚೆ ಗುಜರಿಯವನು ಕಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಕಾಕಾ ಐವತ್ತೈದನೇ ವಯಸ್ಸಿನಲ್ಲಿ ಇನ್ನೊಬ್ಬರ ಟೆಂಪೋಕ್ಕೆ ಡ್ರೈವರಾದರು. ಮನೆಗೆ ಬಂದವರಿಗೆಲ್ಲ ಈಗಲೂ ನನ್ನನ್ನು ತೋರಿಸಿ, "ನಮ್ಮ ಹುಡುಗಿ ಬರದದ್ದನ್ನ ಪುರಸಭಾದಾಗ ಹಂಗಿಂದ ಹಂಗ ಒಪ್ಪಿದ್ರು," ಅನ್ನುತ್ತಾರೆ. ಅವರ ದನಿಯಲ್ಲಿ ವ್ಯಂಗ್ಯ ಹುಡುಕಿದ್ದೇನೆ, ಸಿಕ್ಕಿಲ್ಲ.

ಒಂದು ಸಲ ಧೈರ್ಯ ಮಾಡಿ ಕೇಳಿದೆ. ಅವರು ಚಹಾದ ಬಶಿಯನ್ನು ಊದುತ್ತ ಕುಳಿತರು. ಚಹಾ ಆಗಲೇ ಆರಿತ್ತು. ನಾನು ಕೇಳಿದ್ದು ಇಷ್ಟೇ:

"ಕಾಕಾ, ಅವತ್ತ ನಾ ಓದಿ ಹೇಳಿದಾಗ ನಿಮ್ಮ ಇಳಿಜಾರ ಹೋಗತೈತಿ ಅಂತ ನಿಮಗ ತಿಳಿದಿತ್ತಲ್ರಿ? ಮತ್ತ ಸಹಿ ಯಾಕ ಮಾಡಿದ್ರಿ?"